ಥ್ಯಾಂಕ್ಸ್ ಬ್ಯಾಡ್ರಿ, ತಪ್ಪು ಹೇಳ್ರಿ

ಯಾರಾದರೂ ಎದುರಿಗೆ ನಿಂತು ಥ್ಯಾಂಕ್ಸ್ ಎಂದರೆ ಅವರು ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ತಮಾಷೆಗಲ್ಲ. ಬೆನ್ನ ಹಿಂದೆ ಬೇರೆ ಯಾರೋ ಬಂದು ನಿಂತಿರಬೇಕು, ಆ ಮಾತು ಅವರಿಗೆ ಸೇರಿದ್ದು ಎಂದು ನಿಜವಾಗಿ ಅನ್ನಿಸಿದವರ ಹಾಗೆ. ಹಿಂದೆ ಗೋಡೆಯಷ್ಟೇ ಇರುತ್ತಿತ್ತು. ಆಗ ಸಾವಕಾಶ ಈ ಕಡೆಗೆ ತಿರುಗಿ, "ಇರ್ಲಿ ಬಿಡ್ರಿ" ಎನ್ನುತ್ತಿದ್ದರು.

ಅವರು ಹೋಗಿ ಇನ್ನೂ ಹೆಚ್ಚು ದಿನಗಳಾಗಿಲ್ಲ. ಬರೆಯಲು ಕುಳಿತರೆ ಕೈ ಹದಕ್ಕೆ ಬರುತ್ತಿಲ್ಲ. ಅದಕ್ಕೇ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಅವಸರವಿಲ್ಲದೆ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ತಾವು ಮಾಡಿದ ಆ್ಯಪಿನ ಮೇಲೂ ಅವರು ಹೆಸರು ಹಾಕಿರಲಿಲ್ಲ.

ನಾನು ಮಡಕಶಿರದವಳು, ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು. ರಾಯದುರ್ಗಕ್ಕೆ ವರ್ಗವಾಗಿ ಬಂದಾಗ ಅವರ ಮನೆಯ ಮೇಲಿನ ಕೋಣೆಗಳಿಗೆ ಬಾಡಿಗೆಗೆ ಸೇರಿದೆ. ಅವರು ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಅಂಗಿಯ ತೋಳಿನ ಮೇಲೆ, ಕಿವಿಯ ಅಂಚಿನಲ್ಲಿ, ಹುಬ್ಬಿನಲ್ಲಿ ನೀಲಿ ನೂಲಿನ ಧೂಳು ಕೂತಿರುತ್ತಿತ್ತು. "ಅಲ್ಲೇ ಜಾಡಿಸ್ಕೊಂಡು ಒಳಗ ಬರ್ರಿ, ಇದು ಮನಿ, ಯೂನಿಟ್ಟಲ್ಲ" ಎಂದು ಅವರ ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಅವರನ್ನು ಅಣ್ಣಾವ್ರು ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಿದ್ದೆ. ಅವರಿಬ್ಬರಿಗೂ ನಾನು ಟೀಚರಮ್ಮ.

ಆ ಆ್ಯಪು ಏನು ಮಾಡುತ್ತಿತ್ತು ಎಂಬುದನ್ನು ಗಡಿಯಾಚೆ ತೆಲುಗು ರಾಜ್ಯಕ್ಕೆ ಸೇರಿರುವ ನಮ್ಮ ಸೀಮೆ ಗೊತ್ತಿಲ್ಲದವರಿಗೆ ಹೇಳಬೇಕು. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ತೆಲುಗು ಕಲಿತವರು ನಮ್ಮಲ್ಲಿ ಬಹಳ. ಅವರಿಗೆ ಕನ್ನಡ ಬರುತ್ತದೆ, ಕನ್ನಡದ ಅಕ್ಷರ ಬರುವುದಿಲ್ಲ. ಹಾಗಾಗಿ ಫೋನಿನಲ್ಲಿ ಕನ್ನಡದ ಮಾತನ್ನೇ ತೆಲುಗು ಅಕ್ಷರದಲ್ಲಿ ಬರೆದು ಕಳಿಸುತ್ತಾರೆ. ಅಣ್ಣಾವ್ರ ತಂಗಿ ಅಂಥವರಲ್ಲಿ ಒಬ್ಬರು. ಚಿಕ್ಕಂದಿನಲ್ಲೇ ಅಗಳಿಯ ಸೋದರಮಾವನ ಮನೆಗೆ ಹೋಗಿ, ಅಲ್ಲೇ ತೆಲುಗು ಶಾಲೆಗೆ ಸೇರಿ, ಆ ಮನೆಗೇ ಸೊಸೆಯಾಗಿ ಉಳಿದವರು. ತಾಯಿ ಇದ್ದದ್ದು ರಾಯದುರ್ಗದಲ್ಲಿ, ಮಗನ ಹತ್ತಿರ. ಆ ತಾಯಿಗೆ ಕಿವಿ ಬಹಳ ಮಂದವಾಗಿತ್ತು. ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಕಣ್ಣು ಚೆನ್ನಾಗಿತ್ತು, ಆದರೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ.

ಮಗಳು ಬರೆದದ್ದನ್ನು ಮಗ ಓದಿ ಹೇಳಬೇಕಾಗುತ್ತಿತ್ತು. ಕಿವಿ ಕೇಳದವರಿಗೆ ಓದಿ ಹೇಳುವುದೆಂದರೆ ಕೂಗಿ ಹೇಳುವುದು. ಒಮ್ಮೆ ತಾಯಿ ಬೈದರಂತೆ: "ನನ್ನ ಮಗಳು ಗಂಡನ ಜತಿ ಮಾಡಿದ ಜಗಳ ನನಗ ಬರ್ದಾಳೋ, ಓಣಿಗೆ ಬರ್ದಾಳೋ?"

ಅಂದಿನಿಂದ ಅಣ್ಣಾವ್ರು ಕೂಗುವುದನ್ನು ಬಿಟ್ಟರು. ಯೂನಿಟ್ಟಿನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಗೊತ್ತಿತ್ತೇ ಹೊರತು ಆ್ಯಪು ಮಾಡುವುದು ಗೊತ್ತಿರಲಿಲ್ಲ. ಭಾನುವಾರಗಳಲ್ಲಿ ಫೋನಿನಲ್ಲಿ ಪಾಠ ನೋಡಿ ನೋಡಿ ಕಲಿತರು. ತೆಲುಗು ಅಕ್ಷರದಲ್ಲಿ ಬರೆದದ್ದನ್ನು ಒತ್ತಿದರೆ ಕನ್ನಡ ಅಕ್ಷರಕ್ಕೆ, ಕನ್ನಡದಲ್ಲಿ ಬರೆದದ್ದನ್ನು ಒತ್ತಿದರೆ ತೆಲುಗು ಅಕ್ಷರಕ್ಕೆ. ಅಷ್ಟೇ ಅದರ ಕೆಲಸ. ತಾಯಿ ಮೊದಲ ಸಲ ಮಗಳ ಮೆಸೇಜನ್ನು ತಾವೇ ಓದಿಕೊಂಡಾಗ ಮೆಚ್ಚಲಿಲ್ಲ, ಮುಖ ಗಂಟಿಕ್ಕಿದರಂತೆ. "ಇದೇನೋ, ಆರೋಗ್ಯಂ ಅಂತಾಳ, ಭೋಜನಂ ಅಂತಾಳ, ವಿವಾಹಂ ಅಂತಾಳ. ಹೊಲಮನಿ ನೋಡ್ಕೊಂಡು ಅದಾಳೋ, ಪುರೋಹಿತರ ಮನಿಗೆ ಸೇರ್ಯಾಳೋ?"

ತೆಲುಗು ಶಾಲೆಯಲ್ಲಿ ಓದಿದವರ ಕೈಗೆ ಶಬ್ದದ ಕೊನೆಗೊಂದು ಸೊನ್ನೆ ಇಡುವ ರೂಢಿ ಇರುತ್ತದೆ. ಅಣ್ಣಾವ್ರು ಆ ಸೊನ್ನೆಯನ್ನು ತಾನಾಗಿಯೇ ತೆಗೆದುಹಾಕುವ ಹಾಗೆ ಒಂದು ನಿಯಮ ಸೇರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಕತ್ತರಿ. "ಪ್ಯಾಂಟು ಹೊಲಿದ ಮ್ಯಾಲ ತುದಿಗೆ ದಾರ ಜೋತಾಡ್ತಿರ್ತೈತಲ್ರಿ, ಅದನ್ನ ಹೆಣ್ಮಕ್ಕಳು ಕಟ್ ಮಾಡ್ತಾರ. ಇದೂ ಹಂಗ" ಎಂದು ನನಗೆ ವಿವರಿಸಿದ್ದರು. ಕತ್ತರಿ ಬಿದ್ದ ಮೇಲೆ ಆರೋಗ್ಯಂ ಆರೋಗ್ಯವಾಯಿತು. ತಾಯಿಗೆ ತಮ್ಮ ಮಗಳು ತಿರುಗಿ ಸಿಕ್ಕಳು.

ನಾನು ಆ ಮನೆಗೆ ಹೋಗುವ ಹೊತ್ತಿಗೆ ತಾಯಿ ತೀರಿಕೊಂಡಿದ್ದರು. ಆ್ಯಪು ಉಳಿದಿತ್ತು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವ ಹಾಗೆ ಅದನ್ನು ಸ್ಟೋರಿಗೆ ಏರಿಸಿದ್ದರು. ಜಾಹೀರಾತು ಇಲ್ಲ, ಹೆಸರಿಲ್ಲ. ಅಡಿಯಲ್ಲಿ ಒಂದೇ ಸಾಲು: ತಪ್ಪಿದ್ದರೆ ಈ ನಂಬರಿಗೆ ತಿಳಿಸಿ. ಬಹಳ ಕಾಲ ಯಾರೂ ಏನೂ ತಿಳಿಸಲಿಲ್ಲ. ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕ ಅವರಿಗೆ ಕಾಣುತ್ತಿತ್ತು. "ಇಳಿಸ್ಕೊಂಡೋರೆಲ್ಲ ಬಳಸ್ತಾರ ಅಂತಿಲ್ರಿ. ಮನ್ಯಾಗ ಎಷ್ಟು ಡಬ್ಬಿ ಇರ್ತಾವ, ಎಲ್ಲಾನೂ ತೆಗೀತೀವೇನು?" ಎನ್ನುತ್ತಿದ್ದರು. ಮಾತಿನಲ್ಲಿ ಬೇಸರ ಇರಲಿಲ್ಲ. ಆದರೆ ಆ ಮಾತನ್ನು ಅವರು ಆಗಾಗ ಹೇಳುತ್ತಿದ್ದರು.

ಮೊದಲ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಸಂಜೆ, ಅಕ್ಕ ಹಿತ್ತಲ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಣ್ಣಾವ್ರು ಫೋನನ್ನು ಸ್ಪೀಕರಿಗೆ ಹಾಕಿದರು.

"ಹಲೋ, ಕಂಪನಿಯೇನ್ರಿ?"

ಅವರು ಒಮ್ಮೆ ನನ್ನ ಮುಖ, ಒಮ್ಮೆ ಅಕ್ಕನ ಬೆನ್ನು ನೋಡಿದರು. "ಹೌದ್ರಿ, ಕಂಪನಿ. ಹೇಳ್ರಿ."

"ನಾವು ನೇಮಕಲ್ಲು ಆಂಜನೇಯಸ್ವಾಮಿ ಗುಡಿ ಭಜನಿ ಮ್ಯಾಳದೋರು. ಏನ್ರಿ ನಿಮ್ಮ ಆ್ಯಪು? ಬಳ್ಳಾರಿ ಕಡಿ ಹುಡುಗ್ರು ಬರ್ತಾರ ಅಂತ ಕನ್ನಡದಾಗ ಹಾಳಿ ಅಚ್ಚು ಹಾಕ್ಸಿದ್ವಿ. ನಾವು ಸೀತಾರಾಂ ಅಂತ ಕೊಟ್ರ ಅದು ಸೀತಾರಾ ಅಂತ ಕೊಟ್ಟೈತಿ. ಹುಡುಗ್ರು ಹಾಳ್ಯಾಗ ಏನೈತಿ ಅದನ್ನ ಹಾಡ್ಯಾರ. ಸೀತಾ ರಾ, ಸೀತಾ ರಾ ಅಂತ! ತೆಲುಗು ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು."

ತೆಲುಗಿನಲ್ಲಿ ರಾ ಎಂದರೆ ಬಾ. ಕತ್ತರಿ ರಾಮನ ಸೊನ್ನೆಯನ್ನೂ ಬಿಟ್ಟಿರಲಿಲ್ಲ.

"ತಪ್ಪಾಗೈತ್ರಿ," ಎಂದರು ಅಣ್ಣಾವ್ರು. ನಗು ತಡೆದು ಅವರ ಕುತ್ತಿಗೆಯ ನರ ಉಬ್ಬಿತ್ತು. "ಆದ್ರ ಒಂದು ಮಾತ್ರಿ. ಹನುಮಪ್ಪ ಸಮುದ್ರ ಜಿಗಿದು ಹುಡುಕಾಕ ಹೋಗಿದ್ದು ಸೀತಮ್ಮನ್ನೇ ಅಲ್ರಿ. ಕರದ್ರ ಏನು ತಪ್ಪು?"

"ಕಂಪನಿಯೋರು ಚ್ಯಾಷ್ಟಿ ಮಾಡ್ತೀರೇನ್ರಿ? ಅದಿರ್ಲಿ, ನಿಮ್ಮ ಆಫೀಸಿನಾಗ ಗಂಗಾಳದ ಸದ್ದು ಯಾಕ ಬರ್ತೈತಿ?"

"ಕ್ಯಾಂಟೀನ್ರಿ."

ಫೋನು ಇಟ್ಟ ಮೇಲೆ ಅವರು ನಗಲಿಲ್ಲ. ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ ಮತ್ತೆ ಕೂತರು. "ಬಳಸ್ತಾರ," ಎಂದರು. ಆಮೇಲೆ ಅಕ್ಕನ ಕಡೆಗೆ, "ಬಳಸ್ತಾರ ನೋಡು."

"ಬೈದ್ರಲ್ರಿ ಅವ್ರು!" ಎಂದರು ಅಕ್ಕ.

"ಬಳಸಿದ್ದಕ್ಕ ಬೈದ್ರು."

ಮರುದಿನವೇ ರಾಮನ ಸೊನ್ನೆಗೂ ಓಂಕಾರದ ಸೊನ್ನೆಗೂ ಕತ್ತರಿ ತಾಗದ ಹಾಗೆ ಮಾಡಿದರು. ಆ ಮನೆಯಲ್ಲಿ ಅವರಿಗೆ ಹೊಸ ಹೆಸರು ಬಿತ್ತು. "ಏಳ್ರಿ ಕಂಪನಿಯೋರೆ, ಚಾ ಆರೈತಿ." "ಕಂಪನಿಗೆ ಇವತ್ತು ರಜಾ ಐತೇನ್ರಿ, ಹಾಲು ತರಾಕ?" ಅವರೂ ಆ ಹೆಸರಿಗೆ ಓಗೊಡುತ್ತಿದ್ದರು.

ಥ್ಯಾಂಕ್ಸ್ ಹೇಳಬೇಕೋ ಬೇಡವೋ ಎಂಬ ವಾದ ಗಂಡ ಹೆಂಡತಿಯ ನಡುವೆ ಹಲವು ಸಂಜೆ ನಡೆಯುತ್ತಿತ್ತು. ಜಗುಲಿಯ ಮೇಲೆ ಕೂತು ಅಕ್ಕ ಅಕ್ಕಿ ಆರಿಸುತ್ತಾ ಶುರು ಮಾಡುತ್ತಿದ್ದರು. "ಇಷ್ಟು ಮಂದಿ ಬಳಸ್ತಾರ. ಚಲೋ ಐತ್ರಿ ಅಂದ್ರ ಬಾಯಿ ಸವೀತೈತೇನು?"

"ನಾನು ಅವ್ರಿಗಂತ ಮಾಡಿಲ್ಲ. ನಮ್ಮವ್ವಗ ಮಾಡಿದ್ದು. ಬಾಗ್ಲು ತಗದಿತ್ತು, ಬಂದ್ರು. ಹಾದ್ಯಾಗ ಹೋಗೋರು ನಮ್ಮ ಕಟ್ಟಿ ಮ್ಯಾಲ ಕುಂದ್ರತಾರ, ಎದ್ದು ಹೋಗ್ತಾರ. ಥ್ಯಾಂಕ್ಸ್ ಹೇಳಿ ಹೋಗ್ತಾರೇನು?"

"ಕಟ್ಟಿ ಮ್ಯಾಲ ಕುಂತೋರು ಒಳಗ ನೋಡಿ ಒಂದು ಚರಿಗಿ ನೀರು ಕೊಡ್ರಿ ಅಂತಾರ. ಮನ್ಯಾಗ ಮಂದಿ ಅದಾರ ಅನ್ನೋದರ ಅವ್ರಿಗೆ ಗೊತ್ತಿರ್ತೈತಿ."

ಸೋತಾಗ ಅವರು ಎದುರಿನ ಮೊರದಿಂದ ಒಂದು ಕಲ್ಲು ಹುಡುಕಿ ತೆಗೆದು, "ನೋಡು, ಬಿಟ್ಟಿದ್ದಿ" ಎಂದು ತೋರಿಸುತ್ತಿದ್ದರು. ನನ್ನ ಕಡೆ ತಿರುಗಿ, "ಟೀಚರಮ್ಮ, ಥ್ಯಾಂಕ್ಸ್ ಬ್ಯಾಡ್ರಿ. ತಪ್ಪು ಹೇಳ್ರಿ ಸಾಕು. ಥ್ಯಾಂಕ್ಸ್ ಅನ್ನೋರು ಬಾಗ್ಲಾಗ ನಿಂತು ಹೋಗ್ತಾರ. ತಪ್ಪು ಹೇಳೋರು ಅಡಗಿಮನಿತನಕ ಬಂದಿರ್ತಾರ" ಎಂದಿದ್ದರು ಒಮ್ಮೆ.

ಆಮೇಲೆ ಕಾಯಿಲೆ ಬಂತು. ಕಿಡ್ನಿ ಎರಡೂ ಸೋತವು. ವಾರದಲ್ಲಿ ಕೆಲವು ದಿನ ಬಳ್ಳಾರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಯೂನಿಟ್ಟಿನ ಕೆಲಸ ಬಿಟ್ಟರು. ಅಂಗಿಯ ಮೇಲೆ ನೀಲಿ ಧೂಳು ಇಲ್ಲದ ಅವರನ್ನು ನೋಡುವುದು ನನಗೆ ಕಷ್ಟವಾಯಿತು. ಹೋಗಿ ಬಂದ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮರುದಿನ ಸ್ವಲ್ಪ ಚೇತರಿಕೆ. ಅದರ ಮರುದಿನ ಮತ್ತೆ ರೈಲು.

ಸರಿಯಾಗಿ ಆ ಕಾಲಕ್ಕೇ ಸ್ಟೋರಿನಿಂದ ಸೂಚನೆ ಬಂತು. ಹೊಸ ಫೋನುಗಳಲ್ಲಿ ನಡೆಯಬೇಕಾದರೆ ಆ್ಯಪಿನ ಒಳಗಿನ ಬಹಳಷ್ಟನ್ನು ಹೊಸದಾಗಿ ಬರೆಯಬೇಕು. ಬರೆಯದಿದ್ದರೆ ಅದನ್ನು ಅಲ್ಲಿಂದ ತೆಗೆಯುತ್ತಾರೆ. ಅಣ್ಣಾವ್ರು ಚೇತರಿಕೆಯ ಆ ಒಂದು ದಿನದಲ್ಲಿ ಎದ್ದು ಕೂತು ಲ್ಯಾಪ್‌ಟಾಪು ತೆರೆಯತೊಡಗಿದರು. ಬೆರಳುಗಳು ಊದಿಕೊಂಡಿದ್ದವು. ಒಂದು ಅಕ್ಷರ ಒತ್ತಲು ಹೋಗಿ ಎರಡು ಒತ್ತುತ್ತಿದ್ದರು, ಅಳಿಸಿ ಮತ್ತೆ ಒತ್ತುತ್ತಿದ್ದರು.

ಅಕ್ಕ ಅದನ್ನು ಬಹಳ ದಿನ ಸಹಿಸಲಿಲ್ಲ. "ಯಾರಿಗಾಗಿ? ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಒಂದು ದಿನ ಒಂದು ಮಾತು ಅಂದಿಲ್ಲ. ನಿಮ್ಮ ಮೈಯಾಗ ಉಳಿದಿರೋದು ಒಂದು ಹಿಡಿ ಶಕ್ತಿ. ಅದನ್ನ ಅವ್ರಿಗೆ ಹಾಕಿದ್ರ ನನಗೇನು ಉಳೀತೈತಿ? ನನ್ನ ಜತಿ ಕುಂತು ನಾಕು ಮಾತಾಡ್ರಿ."

ಅವರು ಲ್ಯಾಪ್‌ಟಾಪು ಮುಚ್ಚಿದರು. ಗೋಡೆಯ ಕಡೆ ತಿರುಗಿ ಮಲಗಿದರು, ಅಂದು ಚೇತರಿಕೆಯ ದಿನವಾಗಿದ್ದರೂ.

ಅಕ್ಕ ಮೆಟ್ಟಿಲ ಹತ್ತಿರ ನನ್ನನ್ನು ತಡೆದರು. ಕಣ್ಣು ಕೆಂಪಾಗಿತ್ತು. "ಟೀಚರಮ್ಮ, ನಾನು ಕೆಟ್ಟಾಕಿ ಅಲ್ಲ. ನೀನು ಮಡಕಶಿರಕ್ಕ ಹೋಗ್ತೀ, ಬರ್ತೀ. ಆ ಕಡಿ ಬಾಳ ಬಳಸ್ತಾರಂತ. ಒಬ್ರು. ಒಬ್ರು ಬಾಯಿಬಿಟ್ಟು ಚಲೋ ಮಾಡ್ಯಾರ ಅನ್ಲಿ. ನಾನು ತುಟಿ ಹೊಲ್ಕೊಂಡು ಅವ್ರ ಬೆನ್ನಿಗೆ ದಿಂಬು ಇಡ್ತೀನಿ. ಇಲ್ಲಾಂದ್ರ ಅದನ್ನ ಕಟ್ಟಿ ಅಟ್ಟದ ಮ್ಯಾಲ ಒಗೀತೀನಿ."

ಮಡಕಶಿರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಅಂಗಡಿಯಲ್ಲಿ ಆ ಆ್ಯಪನ್ನು ದಿನವಿಡೀ ಬಳಸುವುದನ್ನು ನಾನು ಕಂಡಿದ್ದೆ. ರಜೆಗೆ ಹೋದಾಗ ಅಲ್ಲಿಗೆ ಹೋದೆ. ಅಂಗಡಿಯವರು ನನಗೆ ಪರಿಚಯದವರೇ.

"ಅದಿಲ್ದಿದ್ರೆ ನಮ್ಗೆ ಕೆಲ್ಸಾನೇ ನಡಿಯಾಕಿಲ್ಲ ಟೀಚರ್. ಗಂಡಿನ ಕಡೆಯೋರು ತೆಲುಗಲ್ಲಿ ಬರ್ಕೊಂಡ್ ಬತ್ತಾರೆ, ಹೆಣ್ಣಿನ ಕಡೆಯೋರು ಶಿರಾದೋರು, ಕನ್ನಡದಾಗೇ ಬೇಕು ಅಂತಾರೆ."

"ಮಾಡಿದೋರಿಗೆ ಯಾವತ್ತಾದ್ರೂ ಒಂದು ಮಾತು ಹೇಳಿದೀರಾ?"

"ಯಾರಿಗೆ?" ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ನಕ್ಕರು. "ಪ್ರಪಂಚದಾಗೆ ಪುಕ್ಸಟ್ಟೆ ಯಾರ್ ಕೊಡ್ತಾರೆ ಟೀಚರ್? ನಮ್ ಫೋನಾಗಿರೋದ್ನೆಲ್ಲ ಎತ್ಕಂಡು ಎಲ್ಲೋ ಮಾರ್ಕಂತಾ ಇರ್ತಾನೆ. ಥ್ಯಾಂಕ್ಸು ಅವನೇ ನಮ್ಗೆ ಹೇಳ್ಬೇಕು!"

ಅದನ್ನು ಮಾಡಿದವರು ನಮ್ಮ ಮನೆಯ ಮಾಲೀಕರು, ಒಬ್ಬರೇ ಮಾಡಿದ್ದು, ಈಗ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದಾರೆ ಎಂದು ಹೇಳಿದೆ. ಅವರ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಒಬ್ಬ ಮನುಷ್ಯ ಮಾಡಿರೋದಾ?"

"ಹೌದು."

"ಹಂಗಾದ್ರೆ ಅವ್ರ ಮನೆ ಮದುವೆಗೆ ಕಾರ್ಡು ನಾನೇ ಹಾಕ್ಕೊಡ್ತೀನಿ, ಒಂದು ಪೈಸಾ ಬ್ಯಾಡ."

ಮಕ್ಕಳಿಲ್ಲ ಎಂದೆ. ಅವರು ತಲೆ ತಗ್ಗಿಸಿ ಅರ್ಧ ಆಗಿದ್ದ ಪತ್ರಿಕೆಯನ್ನು ನೋಡುತ್ತಾ ಕೂತರು. ನಾನು ಒತ್ತಾಯಿಸದೆ ಎದ್ದು ಬಂದೆ.

ರಾಯದುರ್ಗಕ್ಕೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ಸುಳ್ಳು ಸೇರಿಸಿದ್ದರೆ ಆಗಿಹೋಗುತ್ತಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಕಳ್ಳ ಅಂದನೇನು?" ಎಂದರು ಅಕ್ಕ, ಪಿಸುದನಿಯಲ್ಲಿ. ಒಳಕೋಣೆಯ ಮಂಚದಿಂದ ಅಣ್ಣಾವ್ರ ನಗು ಕೇಳಿಸಿತು. "ಬರೋಬರಿ ಅಂದಾನ ಬಿಡು. ಪುಕ್ಕಟೆ ಅಂದ್ರ ನಾನೂ ಹಂಗ ಅಂತಿದ್ದೆ."

ಅಕ್ಕ ಸೋಲಲಿಲ್ಲ. ಮುಂದಿನ ಶನಿವಾರ ನೇಮಕಲ್ಲಿಗೆ ಹೊರಟರು. ಗಂಡನ ಆರೋಗ್ಯಕ್ಕೆ ಹರಕೆ ಹೊತ್ತಿದ್ದೂ ಇತ್ತು, ಭಜನೆಯ ಮಂದಿಯನ್ನು ಕಣ್ಣಾರೆ ನೋಡಬೇಕೆಂದಿದ್ದೂ ಇತ್ತು. ನಾನು ಜೊತೆಗೆ ಹೋದೆ. ಪೂಜೆ ಮುಗಿದ ಮೇಲೆ ವಿಚಾರಿಸಿದರೆ, ಅಂದು ಫೋನು ಮಾಡಿದ್ದ ಹಿರಿಯರೇ ಸಿಕ್ಕರು. ಬಿಳಿ ಮೀಸೆ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ತಾಳ. ಅಕ್ಕ ನೇರವಾಗಿ ಹೋಗಿ ಅವರ ಎದುರಿಗೆ ನಿಂತರು.

"ಸೀತಾರಾ ಅಂತ ಬಂತು ಅಂತ ಕಂಪನಿಗೆ ಫೋನ್ ಮಾಡಿದ್ರಿ ನೋಡ್ರಿ, ಕಂಪನಿ ಅಂತ ಏನಿಲ್ಲ. ನಮ್ಮ ಮನಿಯೋರು ಒಬ್ರೇ. ಅವತ್ತು ಬಡದ ಗಂಗಾಳ ನಂದು."

ಹಿರಿಯರು ತಾಳ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು. "ಅಯ್ಯಯ್ಯೋ, ಬೈದೀನಲ್ರಿ!"

"ಅವ್ರಿಗೆ ಈಗ ಮೈಯಾಗ ಆರಾಮಿಲ್ಲ. ಆದ್ರೂ ಅದನ್ನ ಹಿಡ್ಕೊಂಡು ಕುಂತಾರ."

ಒಂದು ಒಳ್ಳೆಯ ಮಾತು ಹೇಳ್ರಿ ಎಂದು ಕೇಳುವುದು ಅಕ್ಕನಿಂದಾಗಲಿಲ್ಲ. ಕಾಯುತ್ತಿದ್ದರು. ಹಿರಿಯರು ತಾಳವನ್ನು ವಲ್ಲಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಕಡೆಗೆ ಸಂಕೋಚದಿಂದ, "ಅವ್ವಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನೊಂದು ತಪ್ಪೈತಿ. ಹೇಳ್ಲೇನ್ರಿ?" ಎಂದರು.

ಅಕ್ಕನ ಮುಖ ಹೇಗಾಯಿತೆಂದು ನಾನು ಬರೆಯಲಾರೆ.

"ನಮ್ಮ ತಬಲದಾತ ರತ್ನಂ ಅಂತ. ಹಾಳ್ಯಾಗ ಅವ್ನ ಹೆಸರು ಹಾಕಿದ್ರ, ತಬಲ: ರತ್ನ ಅಂತ ಬಂದೈತಿ. ಅವ್ನ ಹೆಂಡ್ತಿ ಹಾಳಿ ಹಿಡ್ಕೊಂಡು ಬಂದು, ಯಾವಾಕಿ ಈ ರತ್ನ, ನಿನ್ನ ತಬಲ ಬಾರಸಾಕಿ, ಅಂತ ಗುಡಿ ಮುಂದ ನಿಂತು ಕೇಳ್ಯಾಳ್ರಿ."

ಸುತ್ತ ನಿಂತವರು ನಕ್ಕರು. ನನಗೂ ನಗು ಬಂತು. ಅಕ್ಕ ನಗಲಿಲ್ಲ. ಹೊರಡುವಾಗ ಹಿರಿಯರು ಸ್ವಾಮಿಯ ಪಾದದ ಹತ್ತಿರ ಇಟ್ಟಿದ್ದ ತೆಂಗಿನಕಾಯಿಯ ಹೋಳನ್ನು ತಂದು ಅಕ್ಕನ ಸೆರಗಿಗೆ ಹಾಕಿದರು. "ಕಂಪನಿಯೋರಿಗೆ ಕೊಡ್ರಿ. ಅವ್ರ ಹೊಟ್ಟಿ ತಣ್ಣಗಿರ್ಲಿ." ಬಸ್ಸಿನಲ್ಲಿ ರಾಯದುರ್ಗದವರೆಗೂ ಅಕ್ಕ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಒಂದೇ ಒಂದು ಸಲ, "ತಪ್ಪು ಹೇಳಿ ಕಳಿಸ್ಯಾನ ನೋಡು, ಸಾಯೋ ಮನುಷ್ಯಗ" ಎಂದರು. ಸಾಯುವ ಎಂಬ ಮಾತು ಆ ಮನೆಯವರ ಬಾಯಿಂದ ಬಂದದ್ದು ಅದೇ ಮೊದಲು.

ಮನೆಗೆ ಬಂದಾಗ ಅಣ್ಣಾವ್ರು ಗೋಡೆಯ ಕಡೆ ಮಲಗಿದ್ದರು. ಅಕ್ಕ ಕಾಯಿಯ ಹೋಳನ್ನು ಅವರ ಕೈಗೆ ಕೊಟ್ಟರು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ತೆಂಗಿನಕಾಯಿ ತಿನ್ನಬಾರದೆಂದು ಡಾಕ್ಟರು ಹೇಳಿದ್ದರು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಒಮ್ಮೆ ವಾಸನೆ ನೋಡಿ, ನನಗೆ ಕೊಟ್ಟರು. ಮತ್ತೆ ಮಲಗಲು ಹೋದರು.

"ಅವ್ರು ಇನ್ನೊಂದು ತಪ್ಪು ಹೇಳ್ಯಾರ," ಎಂದರು ಅಕ್ಕ. ದೂರು ಹೇಳುವ ದನಿ. "ರತ್ನಂ ಅನ್ನೋ ಗಂಡಸನ್ನ ನೀವು ರತ್ನ ಮಾಡಿಟ್ಟೀರಂತ."

ಅಣ್ಣಾವ್ರ ತಲೆ ದಿಂಬಿನಿಂದ ಎದ್ದಿತು. "ಏನಂದಿ?"

ಅಕ್ಕ ಎಲ್ಲವನ್ನೂ ಹೇಳಿದರು. ತಬಲ, ಹೆಂಡತಿ, ಗುಡಿಯ ಮುಂದಿನ ಜಗಳ. ಹೇಳುತ್ತಾ ಹೇಳುತ್ತಾ ಅವರಿಗೂ ನಗು ಬಂತು. ಅಣ್ಣಾವ್ರು ನಕ್ಕು, ಕೆಮ್ಮಿ, ಎದೆ ಹಿಡಿದುಕೊಂಡು, ಕಾಲು ಕೆಳಗೆ ಬಿಟ್ಟು ಕೂತರು. "ಹೆಸರು! ಹೆಸರನ್ನ ಮರ್ತೇಬಿಟ್ಟೀನಿ. ಸತ್ಯಂ, ರತ್ನಂ, ಮಾಣಿಕ್ಯಂ, ಎಲ್ಲಾರ ಕುತ್ತಿಗಿ ಕೊಯ್ದೀನಿ. ಆ ಲ್ಯಾಪ್‌ಟಾಪ್ ಕೊಡು ಇಲ್ಲೆ."

ಅಕ್ಕ ಅವರನ್ನು ನೋಡಿದರು. ಒಳಗೆ ಹೋಗಿ ಲ್ಯಾಪ್‌ಟಾಪು ತಂದುಕೊಟ್ಟು, ಇನ್ನೊಂದು ಸಲ ಹೋಗಿ ದಿಂಬು ತಂದು ಬೆನ್ನಿಗೆ ಇಟ್ಟರು. ಅಡುಗೆಮನೆಗೆ ಬಂದು ನನಗೆ ಹೇಳಿದರು: "ಕಾಯಿ ತಿನ್ನಂಗಿಲ್ಲ. ತಪ್ಪು ತಿಂದ್ರು ನೋಡು."

ಆಮೇಲಿನ ತಿಂಗಳುಗಳು ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳು ಎಂದರೆ ವಿಚಿತ್ರವಾಗಿ ಕೇಳಿಸಬಹುದು. ಅಕ್ಕ ತಪ್ಪು ಹುಡುಕಿ ತರುವುದನ್ನು ಕೆಲಸ ಮಾಡಿಕೊಂಡರು. ಅಗಳಿಯ ನಾದಿನಿಗೆ ಫೋನು ಮಾಡಿ, "ಅದ್ರಾಗ ಏನರ ಕೆಟ್ಟೈತೇನು, ಹೇಳವ್ವ" ಎಂದು ಕೇಳುತ್ತಿದ್ದರು. ಡಯಾಲಿಸಿಸ್‌ಗೆ ಬರುವ ಬೇರೆ ರೋಗಿಗಳ ಮನೆಯವರನ್ನೂ ಬಿಡುತ್ತಿರಲಿಲ್ಲ. ಸಿಕ್ಕಿದ ತಪ್ಪನ್ನು ಅಣ್ಣಾವ್ರು ಮಲಗಿರುವ ದಿನ ಹೇಳುತ್ತಿರಲಿಲ್ಲ, ಎದ್ದು ಕೂತ ದಿನಕ್ಕೆ ಉಳಿಸಿಡುತ್ತಿದ್ದರು. ಗಂಡ ಹೆಂಡತಿ ನಾಕು ಮಾತಾಡುತ್ತಿದ್ದದ್ದು ಈಗ ಈ ತಪ್ಪುಗಳ ಬಗ್ಗೆಯೇ. ರತ್ನಂನಂಥವರಿಗಾಗಿ ಅಣ್ಣಾವ್ರು ಒಂದು ಉಪಾಯ ಕಂಡುಹಿಡಿದರು. ಹೆಸರಿನ ಹಿಂದೆ ಒಂದು ಚುಕ್ಕಿ ಇಟ್ಟು ಬರೆದರೆ ಕತ್ತರಿ ಅದನ್ನು ಮುಟ್ಟುವುದಿಲ್ಲ. ಚುಕ್ಕಿ ಇಡದ ಮಾತಿಗೆ ಮೊದಲಿನ ಹಾಗೇ ಕತ್ತರಿ. ಹೊಸ ಫೋನಿಗೆ ಬೇಕಾದದ್ದನ್ನೆಲ್ಲ ಬರೆದು ಮುಗಿಸಿದರು. ಸ್ಟೋರಿನವರು ಒಪ್ಪಿಕೊಂಡ ಸೂಚನೆ ಬಂದಾಗ ಅಕ್ಕ ಬೆಲ್ಲದ ಅವಲಕ್ಕಿ ಮಾಡಿದರು. ಯೂನಿಟ್ಟಿನ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯರೊಬ್ಬರನ್ನು ಕರೆಸಿ, ಮುಂದೆ ಏನಾದರೂ ಇದ್ದರೆ ನೀವು ನೋಡಿಕೊಳ್ಳಿ ಎಂದು ಎಲ್ಲವನ್ನೂ ಒಪ್ಪಿಸಿದರು. ಒಪ್ಪಿಸುವಾಗ ನಾನು ಚಹಾ ಕೊಡಲು ಒಳಗೆ ಹೋಗಿದ್ದೆ. ಅವರು ಸಮಾಧಾನವಾಗಿದ್ದರು.

ಬಳ್ಳಾರಿಯ ರೈಲಿಗೆ ಹೊರಡಬೇಕಾಗಿದ್ದ ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ ಇದ್ದರು. ಯೂನಿಟ್ಟಿನವರು, ಓಣಿಯವರು, ಅಗಳಿಯಿಂದ ಬಂದ ತಂಗಿ. ಅವರಲ್ಲಿ ಬಹಳ ಜನರ ಫೋನಿನಲ್ಲಿ ಆ ಆ್ಯಪು ಇತ್ತು. ಅದು ಯಾರು ಮಾಡಿದ್ದೆಂದು ಗೊತ್ತಿದ್ದವರು ಕೆಲವರೇ. ಇಂಥವರಿಗೆ ಥ್ಯಾಂಕ್ಸ್ ಹೇಳಬೇಕೇ ಎಂದು ಈಗ ಯಾರಾದರೂ ಕೇಳಿದರೆ ನನಗೆ ಖಂಡಿತವಾಗಿ ಹೇಳಲು ಬರುವುದಿಲ್ಲ. ಧನ್ಯವಾದ ಎಂಬುದು ನಮ್ಮ ಮನೆಗಳಲ್ಲಿ ಆಡುವ ಮಾತಲ್ಲ, ಸಭೆಯಲ್ಲಿ ಮೈಕಿನ ಮುಂದೆ ಆಡುವ ಮಾತು. ಅವರಿಗೂ ಅದು ಬೇಕಾಗಿರಲಿಲ್ಲ. ಆದರೆ ಮಡಕಶಿರದ ಅಂಗಡಿಯವರ ಕೈ ಮೌಸಿನ ಮೇಲೆ ನಿಂತ ಆ ಗಳಿಗೆ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಒಬ್ಬ ಮನುಷ್ಯ ಮಾಡಿದ್ದಾ, ಎಂದಿದ್ದರು. ಅಷ್ಟನ್ನು ಅವರ ಬಾಯಿಂದಲೇ ಕೇಳಿಸಿಕೊಂಡಿದ್ದರೆ ಅಣ್ಣಾವ್ರಿಗೆ ಸಾಕಾಗುತ್ತಿತ್ತೋ ಏನೋ. ನಾನು ಊಹಿಸಿ ಹೇಳಲಾರೆ.

ಅಕ್ಕ ಬಳ್ಳಾರಿಯ ಕಡೆಯವರು, ತೆಲುಗು ಅಕ್ಷರ ಬರುವುದಿಲ್ಲ. ನಾದಿನಿಯ ಮೆಸೇಜುಗಳನ್ನು ಇಷ್ಟು ವರ್ಷ ಅಣ್ಣಾವ್ರೇ ಓದಿ ಹೇಳುತ್ತಿದ್ದರು. ಅವರು ಮಾಡಿದ ಆ್ಯಪನ್ನು ಅಕ್ಕ ಒಂದು ದಿನವೂ ಬಳಸಿರಲಿಲ್ಲ, ಬಳಸುವ ಪ್ರಸಂಗ ಬಂದಿರಲಿಲ್ಲ. ಈಗ ಬಂತು. ಹೇಗೆ ಒತ್ತಬೇಕೆಂದು ನಾನೇ ತೋರಿಸಿಕೊಟ್ಟೆ. ಬೇಗ ಕಲಿತರು. ನಾದಿನಿ ಅಲ್ಲಿಂದ ಬರೆಯುವುದು, ಇವರು ಇಲ್ಲಿ ಕನ್ನಡಕ್ಕೆ ತಿರುಗಿಸಿ ಓದುವುದು, ಉತ್ತರ ಬರೆಯುವುದು. ದಿನಕ್ಕೆ ಹಲವು ಸಲ ನಡೆಯುತ್ತದೆ.

ಕಳೆದ ಭಾನುವಾರ ಬೆಳಿಗ್ಗೆ ನಾನು ಮೆಟ್ಟಿಲು ಇಳಿಯುತ್ತಿದ್ದಾಗ ಜಗುಲಿಯಿಂದ ಅಕ್ಕ ಕೂಗಿದರು. "ಟೀಚರಮ್ಮ, ಬಾ ಇಲ್ಲೆ, ಬಾ. ತಪ್ಪು ಸಿಕ್ಕೈತಿ!"

ಆ ದನಿಯಲ್ಲಿ ಸಂತೋಷವಿತ್ತು. ಫೋನು ಹಿಡಿದು ಎದ್ದವರು ನನ್ನ ಕಡೆ ಬರಲಿಲ್ಲ. ಒಳಕೋಣೆಯ ಕಡೆ ನಡೆದರು. ಬಾಗಿಲ ಹತ್ತಿರ ಹೋಗಿ ನಿಂತರು. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಅಲ್ಲಿ ಎಷ್ಟು ಹೊತ್ತು ನಿಂತಿದ್ದರೋ, ನಾನು ಹಿಂದೆ ಹೋಗಲಿಲ್ಲ.

ತಿರುಗಿ ಬಂದು ಜಗುಲಿಯ ಮೇಲೆ ಕೂತು ಫೋನನ್ನು ನನ್ನ ಕೈಗೆ ಕೊಟ್ಟರು. ಉಂಡಿಯೇನು ಎಂದು ಇವರು ಕೇಳಿದ್ದರು. ಬೆಳೆ ಕೊಯ್ಲಾತೇನು ಎಂದು ಕೇಳಿದ್ದರು. ಮೈಯಾಗ ಆರಾಮೇನು ಎಂದು ಕೇಳಿದ್ದರು. ಮೂರಕ್ಕೂ ನಾದಿನಿ ತೆಲುಗು ಅಕ್ಷರದಲ್ಲಿ ಹೂಂ ಎಂದು ಬರೆದಿದ್ದರು. ಕತ್ತರಿ ಆ ಸೊನ್ನೆಯನ್ನೂ ತೆಗೆದಿತ್ತು. ಕನ್ನಡದಲ್ಲಿ ಬಂದದ್ದು: ಹೂ. ಹೂ. ಹೂ.

ನಾವು ಹೂ ಎಂದು ಬರೆದಿದ್ದರೂ ಮಾತಿನ ಓಟದಲ್ಲಿ ಹೂಂ ಎಂದೇ ಓದಿಕೊಳ್ಳುತ್ತೇವೆ. ಅದಕ್ಕೇ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದೊಂದೇ ಅಕ್ಷರ ಬೆರಳಿಟ್ಟು ಓದುವ ಅಕ್ಕನಿಗೆ ಕಂಡಿತ್ತು.

"ಯೂನಿಟ್ಟಿನವ್ರಿಗೆ ಹೇಳಿದ್ರೆ ಸರಿ ಮಾಡ್ಕೊಡ್ತಾರೆ ಅಕ್ಕ," ಎಂದೆ. "ಸಣ್ಣ ಕೆಲಸ. ಇವತ್ತೇ ಹೇಳ್ತೀನಿ."

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಬ್ಯಾಡ. ಹೂ ಇನ್ನ ಮುಡಿಯಾಕಂತೂ ಇಲ್ಲ. ಓದಾಕರ ಬರ್ಲಿ ಬಿಡು."